ಗಾಡೊ-ಗಾಡೊ ಅರೆದು ಕೊಡುವ ಊರು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಅದು ಅವರೇ ಹಾಕಿದ ಷರತ್ತು. "ನಾನು ಹೋದ್ಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ. ನೀವು ಬರೀದೆ ಇರೋರಲ್ಲ ಅಂತ ನಂಗೊತ್ತು. ಹೆಸರು ಮಾತ್ರ ಹಾಕ್ಬೇಡಿ. ಹಾಕಿದ್ರೆ ನನ್ ಸೊಸೆ ಫೋನ್ ಮಾಡಿ ನಿಮ್ ತಲೆ ತಿಂತಾಳೆ," ಎಂದಿದ್ದರು. ಕಳೆದ ಫೆಬ್ರವರಿಯಲ್ಲಿ, ಉತ್ತರ ವರ್ಜೀನಿಯಾದಲ್ಲಿರುವ ಮಗನ ಮನೆಯಲ್ಲಿ, ತಮ್ಮ ಎಂಬತ್ತೊಂದನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಸುದ್ದಿ ಬಂದಾಗ ದುಃಖವಾಯಿತೆಂಬುದು ನಿಜ. ಆದರೆ ದುಃಖಕ್ಕಿಂತ ಮೊದಲು ಎದೆಗೆ ಬಂದದ್ದು ನಿರಾಳ. ಕೇಳಬೇಕಾದದ್ದನ್ನು ಅವರಿದ್ದಾಗಲೇ ಕೇಳಿದ್ದೆನಲ್ಲ ಎಂಬ ನಿರಾಳ. ಅದನ್ನು ಕೇಳದೆ ಉಳಿದಿದ್ದರೆ ಈ ಬರಹವೂ ಇರುತ್ತಿರಲಿಲ್ಲ, ನನಗೆ ನಿದ್ದೆಯೂ ಇರುತ್ತಿರಲಿಲ್ಲ.

ಅವರು ನನ್ನೊಡನೆ ಆಡಿದ ಮೊದಲ ಮಾತು ನನ್ನ ಕೋಸಂಬರಿಯನ್ನು ಕುರಿತದ್ದು. ಉತ್ತರ ಕ್ಯಾರೊಲೈನಾದ ಷಾರ್ಲಟ್ಟಿನ ಕನ್ನಡ ಸಂಘದ ಯುಗಾದಿ ಊಟ. ಮನೆಯಿಂದ ಒಬ್ಬೊಬ್ಬರು ಒಂದೊಂದು ಮಾಡಿ ತರಬೇಕೆಂಬ ಏರ್ಪಾಡು. ನಾನು ಹೆಸರುಬೇಳೆ ಕೋಸಂಬರಿ ಒಯ್ದಿದ್ದೆ. ಅವರು ಒಂದು ಚಮಚ ಬಾಯಿಗೆ ಹಾಕಿಕೊಂಡು, ಮೇಜಿನ ಸುತ್ತ ನಿಂತಿದ್ದ ಒಂಬತ್ತು ಜನರೆದುರು, "ಬೇಳೆ ನೆಂದಿಲ್ಲ. ನಿಂಬೆರಸ ಬಾಟ್ಲಿದು. ಮನೇಲೇ ಉಪ್ಪು ಹಾಕ್ಕೊಂಡು ಬಂದಿದೀರ, ಅದಕ್ಕೇ ನೀರು ಬಿಟ್ಟಿದೆ," ಎಂದರು. ಬೇಳೆ ಎರಡು ಗಂಟೆ ನೆನೆದಿತ್ತು. ನಿಂಬೆರಸ ಬಾಟಲಿಯದೆಂಬುದು ನಿಜ. ಆ ವಾರ ಅಂಗಡಿಯಲ್ಲಿ ಒಂದಾದರೂ ರಸವಿದ್ದ ನಿಂಬೆಹಣ್ಣು ಇರಲಿಲ್ಲ. ಆ ಒಂಬತ್ತು ಜನರ ಹೆಸರುಗಳನ್ನೂ ಈಗಲೂ ಹೇಳಬಲ್ಲೆ. ಅವರಲ್ಲಿ ಇಬ್ಬರು ನಕ್ಕಿದ್ದರು.

"ಉಪ್ಪನ್ನ ಜನ ಎಲೆ ಮುಂದೆ ಕೂತ್ಮೇಲೆ ಹಾಕ್ಬೇಕು ಕಣ್ರೀ," ಎಂದು ಮುಂದುವರಿಸಿದ್ದರು. "ಹಸೀದನ್ನ ಕಲ್ಸೋದು ಅಂದ್ರೆ ಕೊನೇ ನಿಮಿಷದ ಕೆಲ್ಸ. ಮೊದ್ಲೇ ಕಲ್ಸಿಟ್ರೆ ಅದು ಸಾರು."

ಎತ್ತರದ, ಒಣಕಲು ಮೈಯ ಹೆಂಗಸು. ರೇಷ್ಮೆ ಸೀರೆಯ ಕೆಳಗೆ ಬಿಳಿಯ ಓಟದ ಬೂಟು ಹಾಕುತ್ತಿದ್ದರು. ಯಾರಾದರೂ ನೋಡಿದರೆ, "ಮಂಡಿ ನಂದು, ಕಣ್ಣು ನಿಮ್ದು," ಎನ್ನುತ್ತಿದ್ದರು. ಅವರ ಯಜಮಾನರು ಬಟ್ಟೆ ಗಿರಣಿಯ ಎಂಜಿನಿಯರು. ಮೈಸೂರಿನಿಂದ ಹೊರಟವರು ಮೊದಲು ಇಂಡೋನೇಷ್ಯಾದ ಬಾಂಡುಂಗ್ ಎಂಬ ಊರಿನಲ್ಲಿ ಎಂಟು ವರ್ಷವಿದ್ದು, ಅಲ್ಲಿಂದ ದಕ್ಷಿಣ ಕ್ಯಾರೊಲೈನಾದ ಗಿರಣಿಯೊಂದಕ್ಕೆ ಬಂದಿದ್ದರು. ಇವರಿಗೂ ಅಲ್ಲಿಯೇ ಬಟ್ಟೆಯ ಗುಣ ಪರೀಕ್ಷಿಸುವ ಕೆಲಸ ಸಿಕ್ಕಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಕೈಯ ಅಭ್ಯಾಸ ಹೋಗಲಿಲ್ಲ. ಎದುರಿಗೆ ಬಂದವರ ಸೆರಗನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜಿ, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದರು. ನನ್ನ ಮಗಳ ಮದುವೆಯಲ್ಲಿ ಅವಳ ಧಾರೆ ಸೀರೆಯನ್ನು ಹೀಗೆಯೇ ಉಜ್ಜಿ, "ಹಾಸಿನ ನೂಲು ರೇಷ್ಮೆ. ಹೊಕ್ಕು ಅಲ್ಲ. ಅಂಗಡಿಯೋನು ನಿಮ್ಗೆ ಟೋಪಿ ಹಾಕಿದಾನೆ," ಎಂದರು. ಬೀಗಿತ್ತಿ ನನ್ನ ಪಕ್ಕದಲ್ಲಿಯೇ ನಿಂತಿದ್ದರು. ಇಂಥವರೊಡನೆ ಸ್ನೇಹ ಬೆಳೆದೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಬೆಳೆದದ್ದು ಎರಡು ಸಾವಿರದ ಇಪ್ಪತ್ತರಲ್ಲಿ. ಆಗ ಇಬ್ಬರೂ ಷಾರ್ಲಟ್ಟಿನ ಪಕ್ಕದ ಫೋರ್ಟ್ ಮಿಲ್‌ನಲ್ಲಿಯೇ ಇದ್ದೆವು, ಮೂರು ಬೀದಿಗಳ ಅಂತರದಲ್ಲಿ. ಇಬ್ಬರ ಯಜಮಾನರೂ ಆಗಲೇ ಇರಲಿಲ್ಲ. ಸಂಘದ ಬಾಗಿಲು ಮುಚ್ಚಿತ್ತು, ಮಕ್ಕಳು ಫೋನಿನ ಪರದೆಯೊಳಗೆ ಸೇರಿಕೊಂಡಿದ್ದರು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಂದು ಕಟ್ಟು ಮೆಂತ್ಯದ ಸೊಪ್ಪು. ಆಚೆ, ರಸ್ತೆಯ ಅಂಚಿನಲ್ಲಿ, ಮುಖಗವಸು ಹಾಕಿಕೊಂಡು ಅವರು. "ನಮ್ ಹಿತ್ಲುದು. ತೊಳ್ಕೊಂಡು ಮಾಡಿ. ನಿಮ್ ಅಡುಗೆ ಹೇಗಿರತ್ತೋ ನಂಗೊತ್ತಿಲ್ಲ, ಸೊಪ್ಪು ಮಾತ್ರ ಚೆನ್ನಾಗಿದೆ," ಎಂದು ಕೂಗಿ ಹೊರಟುಹೋದರು. ಆ ವರ್ಷವಿಡೀ ವಾರಕ್ಕೊಮ್ಮೆ ಸೊಪ್ಪು ಬಂತು, ಪ್ರತಿಸಲವೂ ಒಂದು ಚುಚ್ಚುಮಾತಿನೊಂದಿಗೆ.

ಲಸಿಕೆ ಹಾಕಿಸಿಕೊಂಡು ಮೂರು ವಾರ ಕಳೆದ ಮೇಲೆ ಫೋನ್ ಮಾಡಿದರು. "ಶನಿವಾರ ಏಳು ಗಂಟೆಗೆ ರೆಡಿ ಇರಿ. ಅಟ್ಲಾಂಟಾಗೆ ಹೋಗೋಣ. ನಾನು ಡ್ರೈವ್ ಮಾಡ್ತೀನಿ."

"ಅಲ್ಲಿ ಏನಿದೆ?"

"ಊಟ."

"ಊಟಕ್ಕೆ ನಾಲ್ಕು ಗಂಟೆ ಪ್ರಯಾಣವೇನ್ರೀ?"

"ಗಾಡೊ-ಗಾಡೊ. ಇಲ್ಲಿ ಷಾರ್ಲಟ್ ಸುತ್ತ ಎರಡು ಕಡೆ ಕೊಡ್ತಾರೆ. ಒಬ್ರು ಡಬ್ಬದಿಂದ ಸುರೀತಾರೆ, ಇನ್ನೊಬ್ರು ಫ್ರಿಜ್ಜಿಂದ ತೆಗೀತಾರೆ. ಅಲ್ಲಿ ನಾವು ಕೂತ್ಮೇಲೆ ಅರೀತಾರೆ."

ಗಾಡೊ-ಗಾಡೊ ಎಂದರೆ ಇಂಡೋನೇಷ್ಯಾದವರ ಕೋಸಂಬರಿ ಎನ್ನಬಹುದು. ಆದರೆ ಒಂದು ಊಟಕ್ಕೆ ಸಾಕಾಗುವಂಥದು. ಬೇಯಿಸಿದ ಆಲೂಗಡ್ಡೆ, ಅಲಸಂದೆಕಾಯಿ, ಎಲೆಕೋಸು, ಮೊಳಕೆಕಾಳು, ಹಸಿ ಸೌತೆಕಾಯಿ, ಕರಿದ ತೋಫು, ಸೋಯಾಕಾಳನ್ನು ಹುದುಗಿಸಿ ಬಿಲ್ಲೆ ಮಾಡಿದ ಟೆಂಪೆ. ಇವೆಲ್ಲದರ ಮೇಲೆ ಕಡಲೆಕಾಯಿ ಬೀಜ, ಮೆಣಸಿನಕಾಯಿ, ಹುಣಸೆಹಣ್ಣು, ತಾಳೆಬೆಲ್ಲ ಸೇರಿಸಿ ಅರೆದ ಗೊಜ್ಜು. ಆ ಗೊಜ್ಜನ್ನು ತಟ್ಟೆಯಂತೆ ಅಗಲವಾದ ಕಲ್ಲಿನ ಒರಳಿನಲ್ಲಿ, ಒಂದೊಂದು ತಟ್ಟೆಗೂ ಬೇರೆಬೇರೆಯಾಗಿ, ತಿನ್ನುವವರನ್ನು ಕೇಳಿಕೊಂಡು ಅರೆಯಬೇಕೆಂಬುದು ಅವರ ನಿಯಮ. ಹಾಗೆ ಮಾಡುವ ಒಬ್ಬ ಹೆಂಗಸು ಅಟ್ಲಾಂಟಾದ ಬ್ಯೂಫರ್ಡ್ ಹೆದ್ದಾರಿಯ ಬದಿಯಲ್ಲಿ, ಟೈರು ಅಂಗಡಿಗೂ ಕ್ಷೌರದಂಗಡಿಗೂ ನಡುವೆ, ಆರು ಮೇಜುಗಳ ಹೋಟೆಲು ನಡೆಸುತ್ತಿದ್ದರು. ಅವರನ್ನು ಎಲ್ಲರೂ ಇಬು ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಅಮ್ಮ ಎಂದರ್ಥವಂತೆ.

ಇಲ್ಲಿ ನನ್ನ ವಿಷಯ ಒಂದಿಷ್ಟು ಹೇಳದೆ ಮುಂದೆ ಹೋಗುವಂತಿಲ್ಲ. ಐವತ್ತು ವರ್ಷಗಳ ಹಿಂದೆ ನಾನು ಈ ದೇಶಕ್ಕೆ ಹೊರಟಾಗ, ಮಾಂಸ ಮೀನು ಮುಟ್ಟಬೇಡವೆಂದು ನನ್ನ ತಾಯಿ ಆಣೆ ಹಾಕಿಸಲಿಲ್ಲ. "ನಮ್ ನೇಮ ಬಿಟ್ರೆ ಬಿಡು, ನಾನು ಕೇಳಲ್ಲ. ಆದ್ರೆ ಬಿಟ್ಟಿದೀನಿ ಅಂತ ಬರಿ. ಸುಳ್ಳು ಮಾತ್ರ ಬರೀಬೇಡ," ಎಂದಿದ್ದರು. ಆಣೆಗಿಂತ ಇದು ಬಿಗಿಯಾದ ಕಟ್ಟು. ಇಪ್ಪತ್ತಾರು ವರ್ಷ ಪ್ರತಿ ಕಾಗದದ ಕೊನೆಯಲ್ಲಿ "ಇನ್ನೂ ಬಿಟ್ಟಿಲ್ಲ" ಎಂದು ಬರೆದೆ. ಆಸ್ಪತ್ರೆಯ ಔಷಧ ವಿಭಾಗದಲ್ಲಿ ದುಡಿದವಳು ನಾನು. ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದೆಂದು ಗೊತ್ತಿದ್ದುದರಿಂದ, ಜ್ವರ ಬಂದಾಗಲೂ ಅದನ್ನು ಬಿಡಿಸಿ ಕಹಿಪುಡಿಯನ್ನಷ್ಟೇ ನೀರಿಗೆ ಹಾಕಿ ನುಂಗಿದವಳು. ಅಮ್ಮ ಹೋದ ಮೇಲೆ ಪ್ರತಿವರ್ಷ ಅವರ ತಿಥಿಯ ದಿನ ಪಟದ ಮುಂದೆ ದೀಪ ಹಚ್ಚಿ, ಅದೇ ಎರಡು ಪದಗಳನ್ನು ಬಾಯಿಬಿಟ್ಟು ಹೇಳುತ್ತೇನೆ. ಅದು ನಿಜವಾಗಿರುವುದು ನನಗೆ ಮುಖ್ಯ. ಎಷ್ಟು ಮುಖ್ಯವೆಂದು ವಿವರಿಸಲಾರೆ.

ಆದ್ದರಿಂದ ಮೊದಲ ಸಲ ಇಬುವಿನ ಹೋಟೆಲಿನಲ್ಲಿ ಕುಳಿತಾಗಲೇ ಕೇಳಿದ್ದೆ: "ಇದ್ರಲ್ಲಿ ಬೇರೆ ಏನೂ ಇರಲ್ಲ ತಾನೆ?"

"ನಿಮ್ ತಟ್ಟೇಲಿ ಏನೂ ಇರಲ್ಲ. ಮೊಟ್ಟೇನೂ ಬೇಡ ಅಂದಿದೀನಿ. ಸುಮ್ನೆ ಕೂತ್ಕೊಳ್ಳಿ," ಎಂದು ಎದ್ದು ಅಡುಗೆಮನೆಯೊಳಗೆ ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ಒಳಗಿನಿಂದ ಇಬುವಿನೊಡನೆ ಆ ಭಾಷೆಯಲ್ಲಿ ಮಾತು, ಜಗಳದಂಥ ಧ್ವನಿ, ನಗು. ನಾಲ್ಕು ಗಂಟೆ ಕಾರಿನಲ್ಲಿ ಕೂರಿಸಿಕೊಂಡು ಬಂದವಳನ್ನು, ಗುರುತಿಲ್ಲದ ಊರಿನ ಹೋಟೆಲಿನಲ್ಲಿ, ಯಾರೋ ಮರೆತುಹೋದ ಕೊಡೆಯಂತೆ ಕುರ್ಚಿಯ ಮೇಲೆ ಬಿಟ್ಟುಹೋಗುವುದೆಂದರೇನು? ಪ್ರತಿಸಲವೂ ಹೀಗೆಯೇ ಆಯಿತು. ಎರಡು ವರ್ಷಗಳಲ್ಲಿ ಏಳು ಬಾರಿ ಹೋದೆವು. ಏಳು ಬಾರಿಯೂ ನಾನು ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕುಳಿತೆ.

ಮೂರನೆಯ ಸಲ ಇನ್ನೊಂದು ನಡೆಯಿತು. ಅವರ ತಟ್ಟೆಯ ಅಂಚಿನಲ್ಲಿ ಬೆಳ್ಳಗೆ ಉಬ್ಬಿದ ಹಪ್ಪಳಗಳಿದ್ದವು. ನನ್ನದರಲ್ಲಿ ಬೇರೆ ಬಗೆಯ, ಹಳದಿಯ ಸಣ್ಣ ಹಪ್ಪಳ. ಒಂದು ಚೂರು ರುಚಿ ನೋಡೋಣವೆಂದು ಕೈ ಚಾಚಿದೆ. ಅವರು ನನ್ನ ಕೈಯ ಮೇಲೆ ಫಟ್ಟನೆ ಹೊಡೆದರು. ಸುತ್ತಲಿನವರು ತಿರುಗಿ ನೋಡಿದರು.

"ನನ್ ತಟ್ಟೆಗೆ ಕೈ ಹಾಕ್ಬೇಡಿ!"

"ಒಂದು ಹಪ್ಪಳಕ್ಕೆ ಇಷ್ಟು ಜಿಪುಣತನವೇನ್ರೀ?"

"ಹೌದು. ನಾನು ಜಿಪುಣಿ. ನಿಮ್ದು ನೀವು ತಿನ್ನಿ."

ವಾಪಸು ಬರುವಾಗ ಗ್ಯಾಫ್ನಿಯ ಆ ದೊಡ್ಡ ಪೀಚ್ ಹಣ್ಣಿನಂಥ ನೀರಿನ ಟ್ಯಾಂಕು ದಾಟುವವರೆಗೂ ನಾನು ಅವರೊಡನೆ ಮಾತಾಡಲಿಲ್ಲ. ಆದರೂ ಮುಂದಿನ ಸಲ ಕರೆದಾಗ ಹೋದೆ. ಕಾರಣ ಸರಳ. ಅಷ್ಟು ರುಚಿಯಾದದ್ದನ್ನು ನಾನು ಈ ದೇಶದ ಯಾವ ಹೋಟೆಲಿನಲ್ಲಿಯೂ ತಿಂದಿರಲಿಲ್ಲ. ಹುಳಿ, ಸಿಹಿ, ಖಾರ ಮೂರೂ ಒಂದನ್ನೊಂದು ತಳ್ಳದೆ ನಿಲ್ಲುತ್ತಿದ್ದವು.

ಎಂಟನೆಯ ಸಲ ಹೋಗಲಿಲ್ಲ. ಷಾರ್ಲಟ್ಟಿನ ಬ್ಯಾಲಂಟೈನ್‌ನಲ್ಲಿ ಒಂದು ಸತ್ಯನಾರಾಯಣ ಪೂಜೆ. ಪ್ರಸಾದದ ನಂತರ ಊಟಕ್ಕೆ ಕುಳಿತಾಗ, ಅಲ್ಲಿಯ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಕಾರ್ತಿಕ ಎಂಬ ಯುವಕನಿಗೆ ನಾನು ಬಹಳ ಹೆಮ್ಮೆಯಿಂದ ಗಾಡೊ-ಗಾಡೊವಿನ ವರ್ಣನೆ ಮಾಡಿದೆ. ಅವನು ಕೈಯಲ್ಲಿದ್ದ ಪೂರಿಯನ್ನು ಕೆಳಗಿಟ್ಟ.

"ಆಂಟಿ, ನೀವು ಪ್ಯೂರ್ ವೆಜ್ ಅಲ್ವಾ? ಅದ್ರಲ್ಲಿ ತೆರಾಸಿ ಹಾಕ್ತಾರೆ. ಶ್ರಿಂಪ್ ಪೇಸ್ಟ್. ಅಂದ್ರೆ ಸಿಗಡಿ. ಸಿಂಗಪುರದಲ್ಲಿ ಪ್ರಾಜೆಕ್ಟ್ ಮಾಡ್ವಾಗ ನನ್ ರೂಮ್‌ಮೇಟ್ ಇಂಡೋನೇಷ್ಯಾದವ್ನು. ಟ್ರೆಡಿಷನಲ್ ಆಗಿ ಮಾಡಿದ್ರೆ ಇದ್ದೇ ಇರತ್ತೆ ಆಂಟಿ."

"ನಾನು ಕೇಳಿದ್ದೆ. ಇಲ್ಲ ಅಂದಿದ್ರು."

"ಎಲ್ರೂ ಹಾಗೇ ಹೇಳ್ತಾರೆ ಆಂಟಿ. ಅವ್ರಿಗೆ ಅದು ನಾನ್‌ವೆಜ್ ಅಂತಾನೇ ಅನ್ಸಲ್ಲ," ಎಂದವನು, ನನ್ನ ಮುಖ ನೋಡಿ, "ಸಾರಿ ಆಂಟಿ. ಮೇಬಿ ಅಲ್ಲಿ ಹಾಕಲ್ವೇನೋ," ಎಂದು ಸೇರಿಸಿದ. ತಡವಾಗಿತ್ತು.

ಮನೆಗೆ ಬಂದವಳು ಚಪ್ಪಲಿ ಕಳಚುವ ಮೊದಲೇ ಅವರಿಗೆ ಫೋನ್ ಮಾಡಿದೆ. ಆ ಸಂಭಾಷಣೆ ಚಿಕ್ಕದು. ಆ ಗೊಜ್ಜಿನಲ್ಲಿ ಸಿಗಡಿ ಇದೆಯೇ ಎಂದು ಕೇಳಿದೆ. ಆ ಕಡೆಯಿಂದ, "ನಾನು ನಿಮಗೆ ಅದನ್ನ ತಿನ್ನಿಸ್ತೀನಿ ಅಂತ ನಿಮಗೆ ಅನ್ಸತ್ತಾ?" ಎಂದರು.

"ಇದೆ ಅಥವಾ ಇಲ್ಲ. ಅಷ್ಟೇ ಹೇಳಿ."

"ಅಷ್ಟು ನಂಬಿಕೆ ಇಲ್ದಿದ್ರೆ ನಾನು ಹೇಳೋದು ಏನೂ ಇಲ್ಲ," ಎಂದು ಫೋನ್ ಇಟ್ಟರು.

ಇಟ್ಟದ್ದು ಅವರು. ಇದನ್ನು ಸ್ಪಷ್ಟಪಡಿಸಬೇಕು, ಏಕೆಂದರೆ ಆಮೇಲೆ ಸಂಘದಲ್ಲಿ ನಾನೇ ಫೋನ್ ಕುಕ್ಕಿದೆನೆಂಬ ಮಾತು ಹಬ್ಬಿತು. ಇಲ್ಲವೆನ್ನದಿದ್ದುದನ್ನು ನಾನು ಹೌದೆಂದೇ ತೆಗೆದುಕೊಂಡೆ. ಬೇರೆ ಹೇಗೆ ತೆಗೆದುಕೊಳ್ಳಲಿ? ಗೊತ್ತಿದ್ದೂ ತಿನ್ನಿಸಿದ್ದಾರೆ, ನನ್ನ ಮಡಿಯನ್ನು ನೋಡಿ ಒಳಗೊಳಗೇ ನಕ್ಕಿದ್ದಾರೆ, ಅಡುಗೆಮನೆಯಿಂದ ಕೇಳಿಬರುತ್ತಿದ್ದ ಆ ನಗು ಅದೇ. ಆ ವರ್ಷ ಅಮ್ಮನ ತಿಥಿಯ ದಿನ ದೀಪ ಹಚ್ಚಿದೆ. ಪಟದ ಮುಂದೆ ನಿಂತೆ. ಎರಡು ಪದಗಳು ಬಾಯಿಗೆ ಬರಲಿಲ್ಲ. ಬೇರೆ ಏನನ್ನು ಹೇಳಬೇಕೆಂದೂ ತಿಳಿಯಲಿಲ್ಲ. ದೀಪ ಸಣ್ಣಗಾಗುವವರೆಗೆ ಸುಮ್ಮನೆ ನಿಂತಿದ್ದೆ.

ಹದಿನಾಲ್ಕು ತಿಂಗಳು ನಾವು ಮಾತಾಡಲಿಲ್ಲ. ಸೊಪ್ಪೂ ಬರಲಿಲ್ಲ. ನಡುವೆ ಅವರ ಮಂಡಿಯ ಶಸ್ತ್ರಚಿಕಿತ್ಸೆಯಾಯಿತೆಂದೂ, ಮಗ ಬಂದು ಮನೆ ಖಾಲಿ ಮಾಡಿಸಿ ವರ್ಜೀನಿಯಾಕ್ಕೆ ಕರೆದುಕೊಂಡು ಹೋದನೆಂದೂ ಬೇರೆಯವರಿಂದ ಕೇಳಿದೆ. ಹೋಗುವಾಗ ನನಗೊಂದು ಮಾತು ತಿಳಿಸಲಿಲ್ಲ. ಅದೂ ನನ್ನ ನೆನಪಿನಲ್ಲಿದೆ.

ಮತ್ತೆ ತಿಥಿ ಹತ್ತಿರ ಬಂತು. ಎರಡನೆಯ ವರ್ಷವೂ ಮೂಕಳಾಗಿ ನಿಲ್ಲುವುದು ನನ್ನಿಂದಾಗದು ಎನಿಸಿತು. ಹೌದಾದರೆ ಹೌದೆಂದಾದರೂ ಅಮ್ಮನಿಗೆ ಹೇಳಬೇಕಲ್ಲ. ಕಾರ್ತಿಕ ಪಾಸ್‌ಪೋರ್ಟ್ ಕೆಲಸಕ್ಕಾಗಿ ಅಟ್ಲಾಂಟಾಕ್ಕೆ ಹೊರಟಿದ್ದಾನೆಂದು ತಿಳಿದು, ನನ್ನನ್ನೂ ಕರೆದೊಯ್ಯೆಂದೆ. ಈ ಎಲ್ಲ ಅನಾಹುತಕ್ಕೆ ತಾನೇ ಕಾರಣನೆಂಬ ಅಳುಕು ಅವನಿಗಿತ್ತು, ಮರುಮಾತಿಲ್ಲದೆ ಒಪ್ಪಿದ. ದಾರಿಯುದ್ದಕ್ಕೂ ಆಫೀಸಿನ ಮೀಟಿಂಗನ್ನು ಕಾರಿನೊಳಗೆಲ್ಲ ಮೊಳಗಿಸಿದ. ಹೋಟೆಲಿನ ಮುಂದೆ ನಿಲ್ಲಿಸಿ, "ನೀವು ಹೋಗಿರಿ ಆಂಟಿ, ಈ ಕಾಲ್ ಮುಗಿಸ್ಕೊಂಡು ಬರ್ತೀನಿ," ಎಂದು ಹೊರಗೇ ಉಳಿದ. ಅದು ಒಳ್ಳೆಯದೇ ಆಯಿತು.

ಇಬು ನನ್ನನ್ನು ನೋಡಿದ ಕೂಡಲೆ ಕೇಳಿದ್ದು, "ನಿಮ್ಮ ಅಕ್ಕ ಬರಲಿಲ್ಲವೇ?" ಎಂದು. ಆಕೆಯ ಇಂಗ್ಲಿಷು ತುಂಡುತುಂಡು, ಆದರೆ ಅರ್ಥವಾಗದ ಮಾತು ಒಂದೂ ಇರಲಿಲ್ಲ. ಅಕ್ಕನಲ್ಲವೆಂದು ತಿದ್ದುವ ಸಮಯ ಅದಾಗಿರಲಿಲ್ಲ. ನೇರವಾಗಿ ಕೇಳಿದೆ. ನಿಮ್ಮ ಗೊಜ್ಜಿಗೆ ಸಿಗಡಿ ಹಾಕುತ್ತೀರಾ?

"ಹಾಕುತ್ತೇನೆ," ಎಂದರು ಇಬು. "ಹಾಕದೆ ಇದ್ದರೆ ಅದು ಗಾಡೊ-ಗಾಡೊ ಹೇಗಾಗುತ್ತದೆ?"

ನನ್ನ ಮುಖದಲ್ಲಿ ಏನು ಕಂಡಿತೋ, ಆಕೆ ನನ್ನ ಮೊಣಕೈ ಹಿಡಿದು ಅಡುಗೆಮನೆಯೊಳಕ್ಕೆ ನಡೆಸಿಕೊಂಡು ಹೋದರು. ಒಲೆಯ ಪಕ್ಕದಲ್ಲಿ, ಎಣ್ಣೆಗಟ್ಟಿ ಹೊಳೆಯುತ್ತಿದ್ದ ದೊಡ್ಡ ಒರಳು. ಆಕೆ ಅದನ್ನು ತೋರಿಸಲಿಲ್ಲ. ಒಂದು ಸ್ಟೂಲು ಹತ್ತಿ, ಎಲ್ಲಕ್ಕಿಂತ ಮೇಲಿನ ಅಟ್ಟಣಿಗೆಯಿಂದ ಬಿಳಿಬಟ್ಟೆಯಲ್ಲಿ ಸುತ್ತಿದ್ದ ಗಂಟೊಂದನ್ನು ಇಳಿಸಿದರು. ಬಿಚ್ಚಿದರೆ ಸಣ್ಣ ಕಪ್ಪುಕಲ್ಲಿನ ಒರಳು, ಅದರ ಗುಂಡು.

"ಇದು ನಿಮ್ಮದು," ಎಂದರು. "ನಿಮ್ಮನ್ನು ಕರೆದುಕೊಂಡು ಬರುವುದಕ್ಕೆ ಒಂದು ವಾರ ಮೊದಲು ನಿಮ್ಮ ಅಕ್ಕ ಒಬ್ಬರೇ ಬಂದು ಇಟ್ಟುಹೋದದ್ದು. ತೆರಾಸಿ ತಾಗಿದ ಕಲ್ಲಿನಲ್ಲಿ ಅರೆಯಬಾರದು, ತೆರಾಸಿ ಮುಟ್ಟಿದ ಕೈಯಲ್ಲೂ ಅರೆಯಬಾರದು ಎಂದರು. ಪ್ರತಿಸಲ ಬಂದು, ಕೈ ತೊಳೆದು, ನಿಮ್ಮದನ್ನು ಬೇರೆ ಎಣ್ಣೆಯಲ್ಲಿ ಕರಿದು, ಅವರೇ ಅರೆಯುತ್ತಿದ್ದರು. ನನ್ನನ್ನು ಒಲೆಯ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಅರೆಯುತ್ತಿದ್ದೇನೆ, ನನ್ನ ಅಡುಗೆಮನೆಯಲ್ಲಿ ನನ್ನ ಮೇಲೇ ನಂಬಿಕೆಯಿಲ್ಲ!" ಈ ಮಾತು ಹೇಳುವಾಗ ಇಬುವಿಗೆ ಇನ್ನೂ ಸಿಟ್ಟಿತ್ತು. ಆ ಸಿಟ್ಟು ನನಗೆ ಅರ್ಥವಾಯಿತು.

ನಾನು ಏಳು ಬಾರಿ ತಿಂದದ್ದು ಅವರ ಕೈಯ ಅಡುಗೆ! ನಾನು ಕ್ಯಾಲೆಂಡರು ನೋಡುತ್ತ ಕುದಿಯುತ್ತಿದ್ದಾಗ, ಒಳಗೆ, ಬದಲಾಯಿಸಬೇಕಾದ ಮಂಡಿಯ ಮೇಲೆ ನಿಂತು, ಅವರು ನನಗಾಗಿ ಕಡಲೆಕಾಯಿ ಬೀಜ ಅರೆಯುತ್ತಿದ್ದರು. ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಹದಿನಾಲ್ಕು ತಿಂಗಳು ಎದೆಯ ಮೇಲೆ ಕೂತಿದ್ದುದು ಇಳಿಯಿತು. ಇಬು ನೀರು ತಂದುಕೊಟ್ಟರು.

"ಅವರ ತಟ್ಟೆ ಮಾತ್ರ ನಾನು ಮಾಡುತ್ತಿದ್ದೆ," ಎಂದು ಸಮಾಧಾನ ಹೇಳುವವರಂತೆ ಸೇರಿಸಿದರು. "ಅವರಿಗೆ ತೆರಾಸಿ ಎರಡರಷ್ಟು ಬೇಕು. ಸಿಗಡಿಯ ಹಪ್ಪಳವೂ ಬೇಕು."

ನೀರು ಕುಡಿಯುವುದನ್ನು ನಿಲ್ಲಿಸಿದೆ. ಅವರು ಮೈಸೂರಿನ ಒಬ್ಬ ಪುರೋಹಿತರ ಮಗಳು. ಸಂಘದ ಪೂಜೆಗಳಲ್ಲಿ ನೈವೇದ್ಯಕ್ಕೆ ಅಡುಗೆ ಮಾಡುವವರಲ್ಲಿ ಮೊದಲಿಗರು. ಕಾರ್ತಿಕ ಒಳಗೆ ಬರುವಷ್ಟರಲ್ಲಿ ನಾನು ಬಾಯಿ ಒರೆಸಿಕೊಂಡು ಎದ್ದಿದ್ದೆ. "ಏನಾಯ್ತು ಆಂಟಿ?" ಎಂದ. "ನನ್ನ ತಟ್ಟೇಲಿ ಏನೂ ಇರಲಿಲ್ಲ," ಎಂದಷ್ಟೇ ಹೇಳಿದೆ. ಉಳಿದದ್ದನ್ನು ಅವನು ಈಗ ಓದಿಕೊಳ್ಳಲಿ.

ಆ ವರ್ಷದ ತಿಥಿಯಂದು ಅಮ್ಮನಿಗೆ ಎರಡು ಪದಗಳನ್ನು ಗಟ್ಟಿಯಾಗಿಯೇ ಹೇಳಿದೆ. ಮರುವಾರ ಮೇರಿಲ್ಯಾಂಡಿನಲ್ಲಿರುವ ಮಗಳ ಮನೆಗೆ ಹೋಗಿ, ಅಲ್ಲಿಂದ ಅವಳ ಕಾರಿನಲ್ಲಿ ವರ್ಜೀನಿಯಾಕ್ಕೆ ಹೋದೆ. ಮಗಳು ನನ್ನನ್ನು ಬಾಗಿಲಲ್ಲಿ ಇಳಿಸಿ ಹೊರಟಳು. ಅವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು, ಪಕ್ಕದಲ್ಲಿ ಚಕ್ರದ ವಾಕರು. ಇನ್ನೂ ಒಣಗಿದ್ದರು. ಕಣ್ಣು ಮಾತ್ರ ಹಾಗೆಯೇ ಇತ್ತು. ಸೊಸೆ ಮಹಡಿಯ ಮೇಲೆ ಆಫೀಸಿನ ಕೆಲಸದಲ್ಲಿದ್ದಳು.

"ಬಂದ್ರಾ? ಕೂತ್ಕೊಳ್ಳಿ. ಕ್ಷಮೆ ಕೇಳೋಕೆ ಬಂದಿದ್ರೆ ಕಾಫಿ ಕುಡಿದು ಕೇಳಿ."

"ಕೇಳ್ತೀನಿ. ಮೊದ್ಲು ನೀವೊಂದಕ್ಕೆ ಉತ್ತರ ಕೊಡಿ. ಅವತ್ತು ಫೋನಲ್ಲಿ 'ಇಲ್ಲ' ಅಂದಿದ್ರೆ ಮುಗೀತಿತ್ತು. ಯಾಕೆ ಅನ್ಲಿಲ್ಲ?"

"ಅಂದಿದ್ರೆ ಮುಗೀತಿತ್ತಾ? ನಿಮ್ಮನ್ನ ನಂಗೊತ್ತಿಲ್ವಾ. 'ನಿಮ್ ತಟ್ಟೇಲಿ?' ಅಂತ ಮುಂದಿನ ಪ್ರಶ್ನೆ ಬರ್ತಿತ್ತು." ಮಹಡಿಯ ಕಡೆಗೊಮ್ಮೆ ನೋಡಿ ಧ್ವನಿ ತಗ್ಗಿಸಿದರು. "ಇಬು ಹೇಳಿದ್ಲಾ?"

"ಹೇಳಿದ್ರು."

ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿನಲ್ಲಿ ಉಜ್ಜುತ್ತಿದ್ದರು. ಈ ಸಲ ಅದು ಅವರದೇ ಸೆರಗು.

"ಬಾಂಡುಂಗಿಗೆ ಹೋದಾಗ ನಂಗೆ ಇಪ್ಪತ್ನಾಲ್ಕು. ಪಕ್ಕದ್ಮನೆ ಹೆಂಗ್ಸು ಬಹಳ ಒಳ್ಳೇವ್ಳು. ಮಾಂಸ ಇಲ್ಲ, ಮೀನಿಲ್ಲ, ಅಂತ ಕೈಸನ್ನೇಲಿ ಹೇಳಿದ್ದೆ. ಅವಳೂ ಹ್ಞೂಂ ಅಂದಿದ್ಲು. ದಿನಾ ಮಧ್ಯಾಹ್ನ ಒಂದ್ ತಟ್ಟೆ ಗಾಡೊ-ಗಾಡೊ ಕಳಿಸೋಳು. ಅವಳ ಲೆಕ್ಕದಲ್ಲಿ ತೆರಾಸಿ ಮೀನಲ್ಲ ಕಣ್ರೀ. ನಮಗೆ ಇಂಗು ಹೇಗೋ ಹಾಗೆ. ಒಂದು ವರ್ಷ ತಿಂದೆ. ಒಂದಿನ ಅವಳ ಅಡುಗೆಮನೇಲಿ ಕೂತಿದ್ದಾಗ ಅದನ್ನ ಕೆಂಡದ ಮೇಲೆ ಸುಟ್ಲು. ವಾಸ್ನೆ ಬಂತು. ಏನದು ಅಂತ ಕೇಳ್ದೆ. ಹೇಳಿದ್ಲು."

"ಆಮೇಲೆ?"

"ಹಿತ್ಲಿಗೆ ಹೋಗಿ ಕಕ್ಕೊಂಡೆ. ಮೂರು ದಿನ ಏನೂ ತಿನ್ಲಿಲ್ಲ. ನಾಲ್ಕನೇ ದಿನ ಅವಳು ಮತ್ತೆ ತಟ್ಟೆ ಕಳಿಸಿದ್ಲು." ನಕ್ಕರು, ನಗು ಅರ್ಧಕ್ಕೆ ನಿಂತಿತು. "ತಿಂದೆ. ಗೊತ್ತಿದ್ದೇ ತಿಂದೆ. ಅಷ್ಟರಲ್ಲಿ ನಾಲಿಗೆಗೆ ಅದು ಬೇಕಾಗಿತ್ತು. ಮನೆಯವ್ರಿಗೆ ಹೇಳ್ಲಿಲ್ಲ. ಅತ್ತೆ ಜೊತೇಲಿದ್ರು. ಹೇಳೋಣ ಹೇಳೋಣ ಅಂತ ಅವ್ರೂ ಹೋದ್ರು, ಇವ್ರೂ ಹೋದ್ರು. ಗೊತ್ತಿಲ್ದೆ ತಿಂದದ್ದಕ್ಕೆ ನಂಗೆ ಬೇಜಾರಿಲ್ಲ. ಯಾರೂ ಹೇಳ್ಲಿಲ್ವಲ್ಲ ಅನ್ನೋದು ಇದೆ ನೋಡಿ. ಅದು ನಿಮಗಾಗ್ಬಾರ್ದು ಅಂತ ಅಷ್ಟು ಮಾಡ್ದೆ. ನೀವು ಫೋನ್ ಮಾಡಿ ಆ ಧ್ವನೀಲಿ ಕೇಳಿದ್ರಿ."

ಕಾಫಿ ಕುಡಿಯುವವರೆಗೆ ಕಾಯಲಿಲ್ಲ. ಕ್ಷಮೆ ಕೇಳಿದೆ. ನನ್ನ ಬದುಕಿನಲ್ಲಿ ನಾನದನ್ನು ಹೆಚ್ಚು ಸಲ ಮಾಡಿಲ್ಲ, ಹಾಗಾಗಿ ಚೆನ್ನಾಗಿ ಬರಲಿಲ್ಲ. ಅವರು, "ಸಾಕು ಬಿಡಿ, ಗಂಟ್ಲು ಕಟ್ಕೊಳತ್ತೆ," ಎಂದರು.

ಅದಾದ ಮೇಲೆ ಅವರನ್ನು ನೋಡಲು ನಾಲ್ಕು ಬಾರಿ ಹೋದೆ. ಎರಡನೆಯ ಸಲ ಹೋದಾಗ, ಅಲ್ಲಿಂದ ಹದಿನೈದು ನಿಮಿಷದ ದಾರಿಯಲ್ಲಿ ಒಂದು ಇಂಡೋನೇಷ್ಯಾದ ಹೋಟೆಲಿದೆಯೆಂದು ಅವರೇ ಹುಡುಕಿಟ್ಟಿದ್ದರು. ಸೊಸೆಗೆ ದೇವಸ್ಥಾನಕ್ಕೆಂದು ಹೇಳಿ, ಟ್ಯಾಕ್ಸಿ ತರಿಸಿ, ವಾಕರನ್ನು ಹಿಂದೆ ಹಾಕಿಸಿಕೊಂಡು ಹೋದೆವು. ಅವರು ಗಾಡೊ-ಗಾಡೊ ತಿಂದು ಒಂದೂವರೆ ವರ್ಷವಾಗಿತ್ತು. ಒಳಗೆ ಕಾಲಿಟ್ಟೊಡನೆ ಮೂಗು ಎತ್ತಿ ಗಾಳಿಯನ್ನು ಎಳೆದುಕೊಂಡರು. ಬಡಿಸುವ ಹುಡುಗಿಯನ್ನು ಕರೆದು ಅವಳ ಭಾಷೆಯಲ್ಲಿ ಏನೋ ಕೇಳಿದರು. ಉತ್ತರ ಕೇಳಿ ಮುಖ ಇಳಿಯಿತು.

"ಏಳಿ, ಹೋಗೋಣ. ಇವ್ರು ಅರೆಯಲ್ಲ. ಬೆಳಿಗ್ಗೇನೇ ದೊಡ್ಡ ಪಾತ್ರೇಲಿ ಮಾಡಿಟ್ಟಿರ್ತಾರೆ. ತೆರಾಸಿ ಅದರೊಳಗೇ ಇದೆ. ನಿಮಗೆ ಆಗಲ್ಲ."

"ನೀವು ತಿನ್ನಿ."

"ನಿಮಗೆ?"

"ನಂಗೆ ಬಿಳೀ ಅನ್ನ, ಸೌತೆಕಾಯಿ ಕೊಡ್ಲಿ. ಸಾಕು."

"ನಿಮ್ಮ ಎದುರಿಗೆ ಕೂತ್ಕೊಂಡು?" ಎಂದರು. ಯಾರ ಅನುಮತಿಯನ್ನೂ ಎಂದೂ ಬೇಡದಿದ್ದ ಹೆಂಗಸು.

"ಎದುರಿಗೇ ಕೂತ್ಕೊಂಡು. ಎಷ್ಟು ಸಲ ತಿಂದಿಲ್ಲ?"

"ಆವಾಗ ನಿಮಗೆ ಗೊತ್ತಿರಲಿಲ್ಲ."

ತಟ್ಟೆ ಬಂತು. ಮೊದಲ ತುತ್ತನ್ನು ತಲೆ ತಗ್ಗಿಸಿಯೇ ತಿಂದರು. ಎರಡನೆಯ ತುತ್ತಿಗೆ ನನ್ನನ್ನು ನೋಡಿದರು. ಐವತ್ತಕ್ಕೂ ಹೆಚ್ಚು ವರ್ಷಗಳಲ್ಲಿ, ಅವರು ತಿನ್ನುತ್ತಿರುವುದು ಏನೆಂದು ಬಲ್ಲ ನಮ್ಮ ಕಡೆಯವರೊಬ್ಬರು ಮೇಜಿನ ಆಚೆ ಕುಳಿತಿದ್ದುದು ಅದೇ ಮೊದಲು.

"ವಾಸ್ನೆ ಬರ್ತಿದ್ಯಾ?"

"ಬರ್ತಿದೆ. ತಿನ್ನಿ."

ತಿಂದರು. ಗೊಜ್ಜು ಮುಗಿದು, ಆಲೂಗಡ್ಡೆ, ಸೊಪ್ಪು ಇನ್ನೂ ಉಳಿದಿದ್ದವು. ಬೋಳು ತರಕಾರಿಯನ್ನು ಚಮಚದಿಂದ ಅತ್ತಿತ್ತ ಸರಿಸುತ್ತ ಕುಳಿತರು. ಇನ್ನಷ್ಟು ಬೇಕೆಂದು ಕೇಳಲು ನನ್ನೆದುರಿಗೆ ಅವರಿಗೆ ಬಾಯಿ ಬರುತ್ತಿರಲಿಲ್ಲ.

ನಾನು ಕೈ ಎತ್ತಿ ಆ ಹುಡುಗಿಯನ್ನು ಕರೆದೆ. ಅವರ ತಟ್ಟೆಯನ್ನು ತೋರಿಸಿ, ಇನ್ನೊಂದು ಸೌಟು ಹಾಕೆಂದೆ.